ದಿನಕ್ಕೆ ನೂರು ಕಾಂಜಿ

ಪೀಣ್ಯದ ಒಂದು ಕಾರ್ಖಾನೆಯವರು ಜಪಾನೀ ಭಾಷೆಯ ಪರೀಕ್ಷೆ ನಡೆಸಿ, ತಮ್ಮ ಕೆಲಸಗಾರ್ತಿಯರಲ್ಲಿ ಒಬ್ಬಳನ್ನು ತರಬೇತಿಗೆ ಜಪಾನಿಗೆ ಕಳಿಸುವವರಿದ್ದರು. ಅದಕ್ಕಾಗಿ ಮಹಾನಂದಾ ಮೊಬೈಲಿನ ಕಲಿಕೆಯ ಆ್ಯಪ್‌ನ ಕಾರ್ಡುಗಳಲ್ಲಿ ದಿನಕ್ಕೆ ಕಾಂಜಿ ಎಂಬ ಜಪಾನೀ ಚಿತ್ರಲಿಪಿಯ ಹತ್ತು ಅಕ್ಷರ, ಒಂದೆರಡು ವಾಕ್ಯ ಕಲಿಯುತ್ತಿದ್ದಳು. ಒಂದೇ ಕೋಣೆಯಲ್ಲಿದ್ದು ಅದೇ ಪರೀಕ್ಷೆಗೆ ಓದುತ್ತಿದ್ದ ಗೆಳತಿ ಶೈಲಾ ನಕ್ಕಳು. "ಹತ್ತು ಯಾತಕ್ಕ ಸಾಲ್ತಾವ? ನಾ ದಿನಾ ನೂರು ಮಾಡ್ತೀನಿ."

ಮಹಾನಂದಾ ಹೆದರಿ ನೂರಕ್ಕೆ ಏರಿಸಿದಳು. ತಿರುಗಿ ಓದಬೇಕಾದ ಹಳೆಯ ಕಾರ್ಡುಗಳು ಗುಡ್ಡೆಬಿದ್ದವು. ಗೊತ್ತಿದ್ದ ಅಕ್ಷರಗಳೂ ಕಲಸಿಹೋದವು. ಪರೀಕ್ಷೆಯಲ್ಲಿ ನೀರು ಎಂಬ ಅಕ್ಷರವನ್ನು ಮಂಜುಗಡ್ಡೆ ಎಂದು ಓದಿದಳು. ಶೈಲಾ ಆಯ್ಕೆಯಾದಳು.

ಹೊರಡುವ ದಿನ ಮಹಾನಂದಾ ಕೇಳಿದಳು, "ದಿನಾ ನೂರು ಹೆಂಗ ನೆನಪಿಟ್ಟಿ?"

"ನೂರು ಯಾರಿಗೆ ನೆನಪಿರ್ತಾವ? ನಾ ಮಾಡಿದ್ದು ಎಂಟ," ಎಂದಳು ಶೈಲಾ, ಬಟ್ಟೆ ಮಡಚುತ್ತಲೇ. "ಆ ಸೂಟ್‌ಕೇಸ್ ಸ್ವಲ್ಪ ಕೆಳಗ ಇಳಿಸ್ತೀಯೇನ?"

ಮಹಾನಂದಾ ಅದನ್ನು ಆಟೋದವರೆಗೂ ಹೊತ್ತಳು.