ಮುರಿದೇ ಕಟ್ಟಿದ ಮಂಟಪ

ಆ ಗಾರೆ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವನು ರಸಮಟ್ಟ. ನೆಲ ಮಟ್ಟಸವಾಗಿದೆಯೇ ಎಂದು ನೋಡುವ ಆ ಸಾಧನವನ್ನು ಬೇರೆ ಮೇಸ್ತ್ರಿಗಳು ಚೀಲದಲ್ಲಿಟ್ಟುಕೊಂಡರೆ, ಇವನು ಕಣ್ಣಲ್ಲೇ ಇಟ್ಟುಕೊಂಡು ಹುಟ್ಟಿದವನು. ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಗೋಡೆಯ ಮೇಲಿನ ಪಟ ನೆಟ್ಟಗೆ ಮಾಡುತ್ತಿದ್ದ. ಹೆಂಡತಿ ಮಡಚಿದ ಬಟ್ಟೆ, ಅವಳು ಹೊಡೆದ ಮೊಳೆ ಎಲ್ಲವೂ ಅವನಿಗೆ ಸೊಟ್ಟ. "ನಿನ್ನ ಕೈಗೆ ನೇರ ಅನ್ನೋದೇ ಗೊತ್ತಿಲ್ಲ" ಎಂದು ದಿನಕ್ಕೊಮ್ಮೆ ಅನ್ನದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಊರಾಚೆಯ ದೊಡ್ಡ ಎಸ್ಟೇಟಿನಲ್ಲಿ ಅವನಿಗೆ ದುರಸ್ತಿ ಕೆಲಸ ಸಿಕ್ಕಿತು, ಜೊತೆಗೆ ಇರಲು ಮನೆಯೂ ಸಿಕ್ಕಿತು. ಒಡತಿ ಪ್ರವಾಸಕ್ಕೆ ಹೊರಡುವಾಗ, "ಕೊಳದ ಹತ್ತಿರದ ಮಂಟಪ ಸೋರ್ತಿದೆ, ಸ್ವಲ್ಪ ನೋಡಿ ಮೇಸ್ತ್ರಿ" ಎಂದಷ್ಟೇ ಹೇಳಿ ಹೋದರು.

ಮಂಟಪ ನೋಡಿದ ಮೇಸ್ತ್ರಿ ಹಣೆ ಚಚ್ಚಿಕೊಂಡ. ಎಡಗಡೆಯೇನೋ ಗುಮ್ಮಟ, ಉದ್ದ ಕಿಟಕಿಗಳು, ಕೂತು ಹರಟಲು ಚೆಂದದ ಕೋಣೆ. ಬಲಗಡೆ ಮಾತ್ರ ಅರ್ಧಕ್ಕೇ ನಿಂತ ಕಮಾನು, ತಲೆಯಿಲ್ಲದ ಕಂಬಗಳು, ಹಲ್ಲುದುರಿದ ಬಾಯಿಯಂಥ ಗೋಡೆ. ಕೆತ್ತನೆಯ ಕಲ್ಲುಗಳು ಹುಲ್ಲಿನಲ್ಲಿ ಬಿದ್ದಿದ್ದವು. ಸೋರುವುದನ್ನು ನಿಲ್ಲಿಸಿದ ಮೇಲೂ ಅವನಿಗೆ ಸುಮ್ಮನಿರಲು ಆಗಲಿಲ್ಲ. ಬಿದ್ದ ಕಲ್ಲುಗಳನ್ನೆತ್ತಿ ಕೂರಿಸಿದ, ಇಟ್ಟಿಗೆಯಿಂದ ಕಮಾನು ಪೂರ್ತಿ ಮಾಡಿದ, ಗೋಡೆಯ ತಲೆ ಸಮ ಮಾಡಿ ದೂರ ನಿಂತು ಮೀಸೆ ತಿರುವಿದ.

ರಜೆ ಮುಗಿಸಿ ಬಂದ ತೋಟದ ಮಾಲಿ ತಲೆಯ ಮೇಲೆ ಕೈಹೊತ್ತು ಕೂತ.

"ಅಯ್ಯೋ ಪುಣ್ಯಾತ್ಮ! ಇದು ಬಿದ್ದಿದ್ದಲ್ಲ ಕಣಯ್ಯ, ಕಟ್ಟಿದ್ದೇ ಹೀಗೆ! ಅಮ್ಮಾವ್ರ ಮುತ್ತಜ್ಜನಿಗೆ ಹಾಳುಬಿದ್ದ ಕೋಟೆ ನೋಡ್ತಾ ಕೂರೋ ಹುಚ್ಚು. ಇಲ್ಲಿ ಕೋಟೆ ಎಲ್ಲಿತ್ತು? ಹಾಳುಬಿದ್ದಿದ್ದನ್ನೇ ಹೊಸದಾಗಿ ಕಟ್ಟಿಸಿದ್ರು. ಜನ ಬಂದು ನೋಡೋದೇ ಆ ಮುರುಕನ್ನ!"

"ಮುರುಕನ್ನ ಯಾರಾದ್ರೂ ಕಟ್ಟಿಸ್ತಾರಾ?"

"ದೊಡ್ಡವರಪ್ಪ, ಕಟ್ಟಿಸ್ತಾರೆ. ನಾಳೆ ಅಮ್ಮಾವ್ರು ಬರ್ತಾರೆ. ನೀನು ಗಂಟುಮೂಟೆ ಕಟ್ಕೋ."

ಕೆಲಸ ಹೋದರೆ ಮನೆಯೂ ಹೋಯಿತು. ಮೇಸ್ತ್ರಿ ಒಡತಿಯ ಬಂಗಲೆಯ ಹಜಾರದಲ್ಲಿದ್ದ ಮಂಟಪದ ಹಳೆಯ ಫೋಟೋ ತರಿಸಿ ಎದುರಿಗಿಟ್ಟುಕೊಂಡು, ಗಾರೆ ಇನ್ನೂ ಹಸಿಯಿದ್ದಾಗಲೇ ಒಡೆಯಲು ಶುರುಮಾಡಿದ. ಆದರೆ ಹಾಳಾದ ಕೈ ಮಾತು ಕೇಳಬೇಕಲ್ಲ! ಒಡೆದ ಗೋಡೆ ಒಂದೇ ಅಳತೆಯ ಮೆಟ್ಟಿಲುಗಳಾಗಿ ನಿಂತಿತು. ಕೆಳಗೆ ಬೀಳಿಸಬೇಕಾದ ಕಲ್ಲುಗಳನ್ನು ಅವನೇ ಸಾಲಾಗಿ ಜೋಡಿಸಿಬಿಟ್ಟಿದ್ದ.

ಊಟ ತಂದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ರೀ ಇದು, ಬಿದ್ದ ಗೋಡೆಗೂ ಇಸ್ತ್ರಿ ಹಾಕಿದ್ದೀರಾ?"

"ನಗಬೇಡ್ವೇ. ನನ್ನ ಕೈಲಿ ಆಗ್ತಿಲ್ಲ."

ಈ ಮಾತನ್ನು ಅವನ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ. ನಗು ನಿಲ್ಲಿಸಿ, ಫೋಟೋವನ್ನು ಒಮ್ಮೆ ನೋಡಿ, ಸುತ್ತಿಗೆ ಕೈಗೆತ್ತಿಕೊಂಡಳು. ಮನಸ್ಸಿಗೆ ಬಂದಲ್ಲಿ ಹೊಡೆದಳು, ಕಲ್ಲು ಉರುಳಿದತ್ತ ಉರುಳಲು ಬಿಟ್ಟಳು. "ಹಾಗಲ್ಲ" ಎನ್ನಲು ಬಾಯಿ ತೆರೆದಾಗಲೆಲ್ಲ ಮೇಸ್ತ್ರಿ ಉಗುಳು ನುಂಗಿಕೊಂಡ. ಸಂಜೆಯ ಹೊತ್ತಿಗೆ ಕಮಾನು ಮತ್ತೆ ಅರ್ಧಕ್ಕೆ ನಿಂತಿತು, ಗೋಡೆ ತಾನಾಗಿಯೇ ಕುಸಿದಂತಿತ್ತು.

ಮರುದಿನ ಒಡತಿ ಬಂದು ಮಂಟಪದ ಸುತ್ತ ಒಂದು ಸುತ್ತು ಹಾಕಿದರು. ಮೇಸ್ತ್ರಿಯೂ ಅವನ ಹೆಂಡತಿಯೂ ಪಕ್ಕದಲ್ಲಿ ನಿಂತಿದ್ದರು, ಮಾಲಿ ಹೂಗಿಡದ ಹಿಂದೆ ಏನೋ ಹುಡುಕುತ್ತಿದ್ದ.

"ಬಲಗಡೆ ಮೊದಲಿಗಿಂತ ಚೆನ್ನಾಗಿ ಕಾಣ್ತಿದೆಯಲ್ಲ ಮೇಸ್ತ್ರಿ, ಏನು ಮಾಡಿದ್ರಿ?"

"ಏನೂ ಇಲ್ಲ" ಎಂದಿದ್ದರೆ ಸಾಕಿತ್ತು, ಮನೆ ಉಳಿಯುತ್ತಿತ್ತು. ಮಾಲಿಯೂ ಹಿಂದಿನಿಂದ ಕಣ್ಸನ್ನೆ ಮಾಡುತ್ತಲೇ ಇದ್ದ. ಆದರೆ ರಸಮಟ್ಟನಿಗೆ ಮಾತನ್ನೂ ಸೊಟ್ಟ ಮಾಡಲು ಬರಲಿಲ್ಲ.

"ಸರಿ ಮಾಡೋಕೆ ಹೋಗಿ ನಾನು ಹಾಳು ಮಾಡಿದ್ದೆ ಅಮ್ಮಾ. ಇದು ನನ್ನ ಹೆಂಡತಿ ಕೈಕೆಲಸ. ಅಂಥ ಕೈ ನನಗಿಲ್ಲ."

ಒಡತಿ ಗಂಡ ಹೆಂಡತಿ ಇಬ್ಬರನ್ನೂ ನೋಡಿ ನಕ್ಕುಬಿಟ್ಟರು. "ಹಾಗಾದ್ರೆ ಇನ್ನು ಮೇಲೆ ಎಡಗಡೆ ನೀವು ನೋಡ್ಕೊಳ್ಳಿ. ಬಲಗಡೆ ಮುಟ್ಟಬೇಕಾದ್ರೆ ಅವರನ್ನ ಕೇಳಿ."

ಅವರು ಹೋದ ಮೇಲೆ ಮೇಸ್ತ್ರಿ ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿದ. ಇನ್ನು ವರ್ಷಗಟ್ಟಲೆ ಕಾಡಿಸುತ್ತಾಳೆ ಎಂದುಕೊಂಡಿದ್ದ. ಆದರೆ ಅವಳು ಸೆರಗಿನ ತುದಿಯಿಂದ ಅವನ ತೋಳಿಗಂಟಿದ ಗಾರೆಯ ಧೂಳು ಒರೆಸಿದಳು.

"ನಡೀರಿ," ಎಂದಳು ಕೊನೆಗೆ, "ಮನೆಗೆ ಹೋಗೋಣ."