ಸಾರಂಗಿಯೊಂದೇ ನುಡಿದ ಎರಡು ದಿನ

1996ರಲ್ಲಿ ನಾನು ಬಹರೈನ್‌ನ ಒಂದು ಪುಟ್ಟ ಎಎಂ ರೇಡಿಯೊ ಸ್ಟೇಷನ್ನಿನಲ್ಲಿ ಟೆಕ್ನಿಕಲ್ ಸೂಪರ್‌ವೈಸರ್ ಆಗಿದ್ದೆ. ಹುದ್ದೆಯ ಹೆಸರು ಮಾತ್ರ ದೊಡ್ಡದು, ಇದ್ದ ಸಿಬ್ಬಂದಿ ಬೆರಳೆಣಿಕೆಯಷ್ಟು. ಗುಫೂಲ್ ಬಡಾವಣೆಯ ಹಳೇ ಕಟ್ಟಡವೊಂದರ ಮಹಡಿಯಲ್ಲಿ ಸ್ಟುಡಿಯೊ, ಊರ ಹೊರಗಿನ ಉಪ್ಪುನೆಲದಲ್ಲಿ ಟ್ರಾನ್ಸ್‌ಮಿಟರ್. ಒದ್ದೆ ಉಪ್ಪುನೆಲ ಮತ್ತು ಸಮುದ್ರದ ಮೇಲೆ ಎಎಂ ಅಲೆಗಳು ಬಹುದೂರ ಸಾಗುತ್ತವೆ. ಧ್ವನಿ ಎಫ್‌ಎಂನಷ್ಟು ಚೊಕ್ಕವಲ್ಲ ನಿಜ, ಆದರೆ ಎಂಥ ಅಗ್ಗದ ಟ್ರಾನ್ಸಿಸ್ಟರಿನಲ್ಲೂ ಸಿಗುತ್ತದೆ.

ನನ್ನ ಕಾಲದಲ್ಲಿ ಆ ಸ್ಟೇಷನ್ ಮೂವರು ಯಜಮಾನರನ್ನು ಕಂಡಿತು. ಮೊದಲನೆಯವರು ಕಾರ್ಪೆಟ್ ವ್ಯಾಪಾರಿ. ಅವರಿದ್ದಾಗ ಬೆಳಿಗ್ಗೆ ಅರಬ್ಬಿ, ಸಂಜೆ ಹಿಂದಿ. ಆಮೇಲೆ ಕೊಂಡ ಜಾಹೀರಾತು ಕಂಪನಿ ದಿನವಿಡೀ ಹಿಂದಿ ಚಿತ್ರಗೀತೆ ಹಾಕಿಸಿತು. ಅದನ್ನೂ ಕೊಂಡುಕೊಂಡವರು ಟಿವಿ, ಫ್ರಿಜ್ ಮಾರುವ ಒಂದು ಬಹರೈನಿ ಕುಟುಂಬ. ಅವರಿಗೆ ಬೇಕಾದದ್ದು ಇಂಗ್ಲಿಷ್ ಪಾಪ್. ಯಾವ ಹೊತ್ತಿಗೆ ಯಾವ ಭಾಷೆ, ಯಾವ ಹಾಡು ಎಂಬ ಈ ಏರ್ಪಾಡಿಗೆ ನಮ್ಮಲ್ಲಿ ಫಾರ್ಮ್ಯಾಟ್ ಎನ್ನುತ್ತಾರೆ. ಫಾರ್ಮ್ಯಾಟ್ ಬದಲಾದಾಗಲೆಲ್ಲ ನಮಗೆ ಹೊಸ ಬೋರ್ಡು, ಹೊಸ ಲೆಟರ್‌ಹೆಡ್ಡು ಮತ್ತು ಅದೇ ಹಳೇ ಸಂಬಳ.

ಈ ಸಲ ಪೆಟ್ಟು ಬಿದ್ದದ್ದು ನಮ್ಮ ಹಿಂದಿ ಅನೌನ್ಸರ್ ಭಾಸ್ಕರಣ್ಣನಿಗೆ. ಉಡುಪಿ ಕಡೆಯವರು, ಮನೆಮಾತು ತುಳು, ಹಿಂದಿ ಕಲಿತದ್ದು ಮುಂಬೈಯಲ್ಲಿ. ಹಿಂದಿಯೇ ಇಲ್ಲದ ಮೇಲೆ ಅವರೇಕೆ? ಕಾಂಟ್ರಾಕ್ಟ್ ಮುಗಿಯಿತು, ವೀಸಾ ರದ್ದು ಮಾಡಿಸಲು ಕಾಗದ ತಯಾರಾಯಿತು. ಊರಿನಲ್ಲಿ ಮಗಳ ನರ್ಸಿಂಗ್ ಓದು ಅರ್ಧದಲ್ಲಿತ್ತು. ನನಗೆ ತುಂಬ ಸಂಕಟವಾಯಿತು. ಹೊಸ ಮ್ಯಾನೇಜರ್ ಯೂಸುಫ್ ಬಳಿ ಅವರ ಪರವಾಗಿ ಮಾತಾಡಿದೆ. ಯಜಮಾನರ ತಮ್ಮನ ಮಗ, ಒಳ್ಳೆಯ ಹುಡುಗನೇ. “ಎಎಂ ಯಾರು ಕೇಳುತ್ತಾರೆ? ಇವರಿಗೆ ಒಂದು ಫೋನಾದರೂ ಬರುತ್ತದೆಯೇ?” ಎಂದ. ಬರುತ್ತಿರಲಿಲ್ಲ.

ಹೊಸ ಹಾಡಿನ ಡಿಸ್ಕುಗಳು ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದ್ದವು. ಅವು ಬರುವವರೆಗೆ ಸ್ಟೇಷನ್ ಮೌನವಾದರೆ ಕೆಟ್ಟುಹೋಗಿದೆ ಎಂದು ಜನ ಬೇರೆ ಕಡೆ ತಿರುಗಿಸಿಬಿಡುತ್ತಾರೆ. ಹಾಡೂ ಬೇಡ, ಮಾತೂ ಬೇಡ, ಶಾಂತವಾದ ಸಂಗೀತ ಸಾಕು ಎಂದು ಯೂಸುಫ್ ತಾನೇ ಕಪಾಟು ಹುಡುಕಿ ಒಂದು ಸಾರಂಗಿ ಟೇಪು ತೆಗೆದ. ಅದು ಮುಗಿದಂತೆಲ್ಲ ಮತ್ತೆ ಮೊದಲಿನಿಂದ ಹಾಕುವುದು. ನಾನು ಟ್ರಾನ್ಸ್‌ಮಿಟರ್ ರಿಪೇರಿಯಲ್ಲಿ ಮುಳುಗಿದ್ದೆ. ನನ್ನ ಕಿವಿ ಇದ್ದದ್ದು ಯಂತ್ರದ ಗುಂಯ್‌ಗುಟ್ಟುವಿಕೆಯ ಮೇಲೆ.

ಎರಡನೆಯ ದಿನ ಸ್ಟುಡಿಯೊಗೆ ಬಂದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಸೆಗಯಾ ಬಡಾವಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನಮ್ಮ ಕಡೆಯ ಒಬ್ಬರು.

“ಯಾರು ಹೋದದ್ದು ಮಾರಾಯ್ರೆ?”

ಒಮ್ಮೆಲೇ ಹೊಳೆಯಿತು. ಊರಿನಲ್ಲಿ ದೊಡ್ಡ ನಾಯಕರು ತೀರಿಕೊಂಡರೆ ರೇಡಿಯೊ ಚಿತ್ರಗೀತೆ ನಿಲ್ಲಿಸಿ ಇಂಥದ್ದೇ ವಾದ್ಯಸಂಗೀತ ಹಾಕುತ್ತದೆ. ಅದನ್ನು ಕೇಳಿ ಬೆಳೆದ ಜನ ನಾವು. ಆಮೇಲೆ ಒಂದರ ಹಿಂದೊಂದು ಫೋನ್ ಬಂತು. ಸೆಗಯಾದಲ್ಲಿ ನಮ್ಮವರ ಅಂಗಡಿಗಳ ಶಟರ್ ಆಗಲೇ ಅರ್ಧ ಇಳಿದಿತ್ತು. ಯಾವುದೋ ಸಂಘದವರು ಊಟದ ಕೂಟ ಮುಂದೂಡಿದ್ದರು. ಯಾರು ಸತ್ತರೆಂದು ಗೊತ್ತಿಲ್ಲದ ಕಾರಣ, ಫೋನ್ ಮಾಡಿದ ಒಬ್ಬೊಬ್ಬರೂ ತಮಗೆ ತೋಚಿದ ನಾಯಕನನ್ನು ಸಾಯಿಸಿದ್ದರು.

ಅದೇ ಹೊತ್ತಿಗೆ ಭಾಸ್ಕರಣ್ಣ ತಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಲು ಬಂದಿದ್ದರು. ನಾನು ಮೈಕ್ ತೋರಿಸಿದೆ.

“ನಾನೀಗ ನಿಮ್ಮ ಸ್ಟಾಫ್ ಅಲ್ಲ. ನಿಮ್ಮ ಕೆಲಸಕ್ಕೂ ಸಂಚಕಾರ ಉಂಟು, ನೋಡಿ.”

“ಅದು ಆಮೇಲೆ. ಮೊದಲು ಇವರಿಗೊಂದು ಸಮಾಧಾನ ಹೇಳಿ.”

ಟೇಪು ನಿಲ್ಲಿಸಿದೆ. ಭಾಸ್ಕರಣ್ಣ ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ, ಯಾರಿಗೂ ಏನೂ ಆಗಿಲ್ಲ, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ನಿಧಾನವಾಗಿ ಹೇಳಿದರು. ಹೇಳಿ ಮುಗಿಸಿ ತಿರುಗಿದರೆ ಬಾಗಿಲಲ್ಲಿ ಯೂಸುಫ್ ನಿಂತಿದ್ದಾನೆ. ಮುಖ ಕೆಂಪಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಫೋನ್ ರಿಂಗಾಯಿತು, ನಾನು ಸ್ಪೀಕರ್ ಒತ್ತಿದೆ. ಮತ್ತೆ ಅದೇ ಸೆಗಯಾದ ಟೈಲರ್.

“ಭಾಸ್ಕರಣ್ಣ, ನೀವಾ? ದೊಡ್ಡವರು ಯಾರೂ ಹೋಗ್ಲಿಲ್ಲ ಅಂದ್ರಿ, ಸಂತೋಷ. ಆದ್ರೆ ನಮ್ಮ ಅಂಗಡಿಯಲ್ಲಿ ಹೆದರಿಕೆ ಬೇರೆಯೇ ಇತ್ತು. ಎರಡು ದಿನದಿಂದ ನಿಮ್ಮ ಸ್ವರ ಇಲ್ಲ. ಹೋದದ್ದು ನೀವೇ ಅಂತ ಗ್ರಹಿಸಿದ್ದೆವು ಮಾರಾಯ್ರೆ.”

ಯೂಸುಫ್ ನನ್ನ ಕಡೆ ತಿರುಗಿ, “ಕ್ಯಾ ಬೋಲಾ?” ಎಂದ. ಒಂದಕ್ಷರ ಬಿಡದೆ ಅನುವಾದಿಸಿದೆ. ಫೋನ್ ಇಟ್ಟ ತಕ್ಷಣ ಮತ್ತೆ ಹೊಡೆದುಕೊಳ್ಳತೊಡಗಿತು. “ಇಷ್ಟು ವರ್ಷ ಇವರೆಲ್ಲ ಎಲ್ಲಿದ್ದರು?” ಎಂದು ಯೂಸುಫ್ ಹಿಂದಿಯಲ್ಲೇ ಕೇಳಿದ. ಕೊನೆಗೆ, ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಮಂದೂಬ್‌ನನ್ನು ಕರೆದು, ಭಾಸ್ಕರಣ್ಣನ ವೀಸಾ ರದ್ದತಿಯ ಕಾಗದ ಕೊಡಬೇಡ ಎಂದ.

ಇಂಗ್ಲಿಷ್ ಪಾಪ್ ಬಂದೇ ಬಂತು. ಸಂಜೆಯ ಎರಡು ಗಂಟೆ ಮಾತ್ರ ಹಿಂದಿಗೆ ಉಳಿಯಿತು, ಭಾಸ್ಕರಣ್ಣನೂ ಉಳಿದರು. ಯಾರೂ ಫೋನ್ ಮಾಡದಿದ್ದರೆ ಯಾರೂ ಕೇಳುತ್ತಿಲ್ಲ ಎಂದು ನಾನು ಆಮೇಲೆ ಎಂದೂ ಲೆಕ್ಕ ಹಾಕಲಿಲ್ಲ. ಮನೆಯವರು ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದರೆ, ಕೇಳಿಸುತ್ತಿದೆ ಎಂದು ಕೂಗಿ ಹೇಳುವವರು ಯಾರಿದ್ದಾರೆ? ಆ ಮಾತು ನಿಂತಾಗಲೇ ನಾವು ಎದ್ದು ಹೋಗಿ ನೋಡುವುದು.