ಸುಳಿ ಓದುವ ಶಿವಯೋಗೆಪ್ಪ

ತಿಕೋಟಾದ ಶಿವಯೋಗೆಪ್ಪನಿಗೆ ಬೆಲ್ಲ ಮಾರುವುದು ಹೊಟ್ಟೆಪಾಡು, ಕುದುರೆಯ ಸುಳಿ ಓದುವುದು ಕಸುಬು. ಕೇಳಿದವರಿಗೆ ಅವನು ಹೀಗೆಯೇ ಹೇಳುತ್ತಿದ್ದ. ಹೊಟ್ಟೆಪಾಡನ್ನು ನಿಜಕ್ಕೂ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಮುರಿಗೆವ್ವ. ತಕ್ಕಡಿ ಅವಳ ಕೈಯಲ್ಲಿ, ದುಡ್ಡಿನ ಗಲ್ಲೆಯ ಕೀಲಿಕೈ ಅವಳ ಸೊಂಟದಲ್ಲಿ, ಗಿರಾಕಿಯ ಜೊತೆ ಜಗ್ಗಾಡುವ ಮಾತು ಅವಳ ಬಾಯಲ್ಲಿ. ಶಿವಯೋಗೆಪ್ಪ ಬಾಗಿಲ ಹತ್ತಿರ ಗಾದಿಯ ಮೇಲೆ ಕೂತು, ಹಾದು ಹೋಗುವವರಿಗೆಲ್ಲ "ಬರ್ರಿ" ಅನ್ನುತ್ತಿದ್ದ. ಅದೂ ಸ್ವಲ್ಪ ಜೋರಾದರೆ, "ಸಾವಕಾಶ ಅನ್ರಿ, ಬರೂ ಮಂದಿ ಹೆದರಿ ಹೋದಾರು" ಎಂದು ಒಳಗಿನಿಂದ ಕೇಳಿಬರುತ್ತಿತ್ತು. ಮನೆಯಲ್ಲಿ ಅವನ ಮಾತಿಗೆ ಇದ್ದ ಬೆಲೆ ಇಷ್ಟೇ. ಕೆಟ್ಟ ಹೆಂಗಸಲ್ಲ ಮುರಿಗೆವ್ವ. ಅಂಗಡಿ ಉಳಿಯಬೇಕಾದರೆ ಗಂಡ ಕಡಿಮೆ ಮಾತಾಡಬೇಕು ಎಂಬುದು ಅವಳ ಅನುಭವ.

ಆದ್ದರಿಂದಲೇ ಅವನಿಗೆ ವಿಜಾಪುರದ ಟಾಂಗಾ ಅಡ್ಡೆ ಬೇಕಾಗಿತ್ತು. ಬೆಲ್ಲದ ಧಾರಣೆ ಕೇಳಿಬರುವ ನೆವ ಮಾಡಿಕೊಂಡು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಅಡ್ಡೆಯ ಎದುರಿನ ಗುರುಪಾದಯ್ಯನ ಚಹಾದಂಗಡಿಯ ಉದ್ದನೆಯ ಮರದ ಬಾಕಿನ ಮೇಲೆ ಕೂರುತ್ತಿದ್ದ. ಅಲ್ಲಿ ಅವನು ಬಾಯಿ ತೆರೆದರೆ ಹತ್ತು ಮಂದಿ ಕಿವಿ ತೆರೆಯುತ್ತಿದ್ದರು. ನಂಬುತ್ತಿದ್ದರು ಎಂದು ನಾನು ಹೇಳಲಾರೆ, ಕೇಳುತ್ತಿದ್ದರು. ಅವನಿಗೆ ಅಷ್ಟು ಸಾಕಾಗಿತ್ತು.

ಅರವತ್ತನೇ ಇಸವಿಯ ಆಸುಪಾಸಿನ ಮಾತಿದು. ವಿಜಾಪುರದ ಬೀದಿಗಳಲ್ಲಿ ಆಗ ಮೋಟಾರಿಗಿಂತ ಟಾಂಗಾ ಹೆಚ್ಚು. ಕಾರಹುಣ್ಣಿಮೆಗೆ ರೈತರು ಎತ್ತು ಓಡಿಸಿ ಊರ ಬಾಗಿಲಿಗೆ ಕಟ್ಟಿದ ಕರಿಯ ತೋರಣ ಹರಿದರೆ, ಮರುದಿನ ಟಾಂಗಾದವರು ನಾವೇನು ಕಡಿಮೆ ಎಂದು ಕುದುರೆ ಓಡಿಸುತ್ತಿದ್ದರು. ಇಟ್ಟಂಗಿಹಾಳದ ಹಾದಿ ಕೂಡುವಲ್ಲಿ ಹೊರಟು, ಸುಂಕದ ನಾಕಾ ದಾಟಿ, ತಿಕೋಟಾದ ಅಗಸಿಬಾಗಿಲು ಮುಟ್ಟಬೇಕು. ಗೆದ್ದವನಿಗೆ ಒಂದು ರುಮಾಲು, ಬೆಳ್ಳಿಯ ಕಟ್ಟು ಹಾಕಿದ ಒಂದು ಬಾರಕೋಲು. ಓಟ ಮುಗಿಯುವುದು ಒಂದು ಮುಂಜಾನೆಯಲ್ಲಿ. ಯಾವ ಕುದುರೆ ಗೆಲ್ಲುತ್ತದೆಂಬ ವಾದ ಮಾತ್ರ ಯುಗಾದಿಗೇ ಶುರುವಾಗುತ್ತಿತ್ತು.

ವಾದದಲ್ಲಿ ಇಬ್ಬರು ಘಟಾನುಘಟಿಗಳು. ಒಬ್ಬ ನಮ್ಮ ಶಿವಯೋಗೆಪ್ಪ. ಕುದುರೆಯ ಹಣೆಯ ಮೇಲಿನ ಕೂದಲು ಎಲ್ಲಿ ತಿರುಗಿದೆ, ಎಷ್ಟು ತಿರುಗಿದೆ, ಎಡಕ್ಕೋ ಬಲಕ್ಕೋ ಎಂದು ನೋಡಿದರೆ ಅದರ ಹಣೆಬರಹವೇ ಗೊತ್ತಾಗುತ್ತದೆ ಎಂಬುದು ಅವನ ಶಾಸ್ತ್ರ. ಇನ್ನೊಬ್ಬ ಅಬ್ದುಲಸಮದ, ಅಡ್ಡೆಯ ಪಕ್ಕದಲ್ಲೇ ಕುದುರೆಗಳ ಗೊರಸಿಗೆ ನಾಲು, ಅಂದರೆ ಲಾಳ, ಹೊಡೆಯುವವನು. ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ಸಾಕು, ಉಳಿದದ್ದನ್ನು ನೋಡಬೇಕಾಗಿಲ್ಲ ಎಂಬುದು ಅವನ ಶಾಸ್ತ್ರ.

"ಒಬ್ಬಾವ ನೆತ್ತಿ ನೋಡತಾನ, ಒಬ್ಬಾವ ಪಾದ ನೋಡತಾನ. ನಡಬರಕ ಕುದರಿ ಐತಿ ಅನ್ನೂದು ಇಬ್ಬರಿಗೂ ಗೊತ್ತಿಲ್ಲ" ಎನ್ನುತ್ತಿದ್ದ ಗುರುಪಾದಯ್ಯ, ಚಹಾ ಸೋಸುತ್ತಾ. ಜಗಳ ಆರುತ್ತಿದೆ ಎನಿಸಿದರೆ ತಾನೇ ಒಂದು ಕಡ್ಡಿ ಗೀರುತ್ತಿದ್ದ. ವಾದ ನಡೆದಷ್ಟೂ ಚಹಾ ಖರ್ಚಾಗುತ್ತಿತ್ತಲ್ಲ!

ಆದರೆ ಶಿವಯೋಗೆಪ್ಪನ ಗ್ರಹಗತಿ ಆಗ ಸರಿ ಇರಲಿಲ್ಲ. ಹಿಂದಿನ ವರ್ಷ ಅವನು ಹೇಳಿದ ಕುದುರೆ ಅರ್ಧ ದಾರಿಯಲ್ಲಿ ರಸ್ತೆ ಬಿಟ್ಟು ಯಾರದೋ ಹೊಲಕ್ಕೆ ನುಗ್ಗಿ ಮೇಯುತ್ತಾ ನಿಂತಿತ್ತು. ಅದರ ಹಿಂದಿನ ವರ್ಷದ್ದು ಹೊರಡಲೇ ಇಲ್ಲ. ಸುದ್ದಿ ಬಬಲೇಶ್ವರದ ಸಂತೆಯವರೆಗೆ ಹೋಗಿ, ಅಲ್ಲಿ ಬದನೆಕಾಯಿ ಮಾರುವವರು ಕೂಡ, "ಸಾವಕಾರ್ರ, ಈ ಬದನಿಕಾಯಿಗಿ ಸುಳಿ ಎಲ್ಲೈತಿ ನೋಡ್ರಿ" ಎಂದು ಕಾಡಿಸಿದ್ದರು.

ಆ ವರ್ಷ ಶಿವಯೋಗೆಪ್ಪ ಹಟ ಹಿಡಿದ. ಬಬಲೇಶ್ವರದ ಯಲಗೂರಪ್ಪ ವಿಜಾಪುರದಲ್ಲಿ ಬಾಡಿಗೆಗೆ ಓಡಿಸುತ್ತಿದ್ದ ಕೆಂಪು ಕುದುರೆಯೊಂದರ ಮೇಲೆ ಅವನ ಕಣ್ಣು ಬಿತ್ತು. ಅದು ತಾಲೂಕು ಕಚೇರಿಯ ಸಾಹೇಬನ ಹಾಗೆ ತನಗೆ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿದ್ದುದರಿಂದ ಅಡ್ಡೆಯವರು ಅದಕ್ಕೆ ಮಾಮ್ಲೇದಾರ ಎಂದು ಹೆಸರಿಟ್ಟಿದ್ದರು. ಮನಸ್ಸು ಬಂದರೆ ಮಾತ್ರ ಅದರ ಓಟಕ್ಕೆ ಎದುರಿಲ್ಲ. ಶಿವಯೋಗೆಪ್ಪ ತನ್ನ ಕೆಂಪು ರುಮಾಲು ಸುತ್ತಿಕೊಂಡು ವಾರವಾರವೂ ಅದೇ ಟಾಂಗಾದಲ್ಲಿ ತಿಕೋಟಾಕ್ಕೆ ಮರಳತೊಡಗಿದ. ಊರ ಮುಂದಿನ ನಾಕಾದ ಹತ್ತಿರ ಇಳಿದು, ಕುದುರೆಯ ಎದುರಿಗೆ ನಿಂತು, ಅಂಗೈಯಲ್ಲಿ ಬೆಲ್ಲದ ಹೆಂಟೆ ಹಿಡಿಯುತ್ತಿದ್ದ. ಇದು ಪ್ರೀತಿಯಿಂದಲ್ಲ, ಶಾಸ್ತ್ರಕ್ಕಾಗಿ. ತಲೆ ಎತ್ತಿ ನಿಂತ ಕುದುರೆಯ ಹಣೆಯನ್ನು ಓದುವುದು ಅವನಂಥ ಗಿಡ್ಡ ಮನುಷ್ಯನಿಗೆ ಆಗದ ಮಾತು. ಬೆಲ್ಲ ತಿನ್ನಲು ಅದು ತಲೆ ಬಗ್ಗಿಸಿದಾಗ ಸುಳಿಯನ್ನು ಬೆರಳಿನಿಂದ ತಡವಿ ತಡವಿ ನೋಡುತ್ತಿದ್ದ. ಎರಡು ತಿಂಗಳ ಅಭ್ಯಾಸವಾದ ಮೇಲೆ, ಈ ಸಲ ಗೆಲ್ಲುವುದು ಮಾಮ್ಲೇದಾರನೇ ಎಂದು ಚಹಾದಂಗಡಿಯಲ್ಲಿ ತೊಡೆ ತಟ್ಟಿದ. ಯಲಗೂರಪ್ಪ ಆ ಹೊತ್ತಿಗೆ ಬಾಡಿಗೆಗೆ ಹೋಗಿದ್ದ.

ಅಬ್ದುಲಸಮದ ಆಗ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ. "ಮದೀನಾಬಿ ಮನಿ ಬೂದಗುದರಿ ಗೆಲ್ಲತೈತಿ" ಎಂದ, ತಲೆಯನ್ನೂ ಎತ್ತದೆ. ಅದೂ ಅಡ್ಡೆಯದೇ ಒಂದು ಟಾಂಗಾದ ಕುದುರೆ.

"ಅದರ ಸುಳಿ ಕಿವಿ ಮಗ್ಗಲದಾಗ ಐತಿ! ಅದೇನ ಗೆಲ್ಲತೈತ್ರಿ ಸಮದಣ್ಣ? ದಾರ್ಯಾಗ ಮಕ್ಕೋತೈತಿ!"

"ಸುಳಿ ಓಡೂದಿಲ್ರಿ ಸಾವಕಾರ್ರ, ಕಾಲ ಓಡತಾವ."

ಗುರುಪಾದಯ್ಯ ಸೌಟು ಕೆಳಗಿಟ್ಟು ನಡುವೆ ಬಂದ. ಬರೀ ಮಾತು ಬೇಡ, ಶರ್ತು ಆಗಲಿ ಎಂದ. ದುಡ್ಡಿನ ಶರ್ತು ಶಿವಯೋಗೆಪ್ಪನಿಂದ ಆಗದು, ಗಲ್ಲೆಯ ಕೀಲಿಕೈ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಗುರುಪಾದಯ್ಯ ಯೋಚಿಸಿ ಬೇರೊಂದು ಶರ್ತು ಹೇಳಿದ: ಸೋತವನು ಮುಂದಿನ ಕಾರಹುಣ್ಣಿಮೆಯವರೆಗೆ ಕುದುರೆಯ ಬಗ್ಗೆ ಒಂದೇ ಒಂದು ಮಾತು ಆಡಕೂಡದು.

ಶಿವಯೋಗೆಪ್ಪ ಸುತ್ತಲಿನ ಮುಖಗಳನ್ನು ನೋಡಿದ. ದುಡ್ಡು ಹೋದರೆ ಹೋಗಲಿ ಅನ್ನಬಹುದು. ಮಾತು ಹೋದರೆ ಅವನ ಬಳಿ ಉಳಿಯುವುದೇನು? ಆ ಬಾಕಿನ ಮೇಲೆ ಯಾವ ಮುಖ ಇಟ್ಟುಕೊಂಡು ಕೂರುವುದು? ಆದರೂ ಹತ್ತು ಜನರ ಎದುರು ಹಿಂದೆ ಸರಿಯುವುದು ಹೇಗೆ? "ಆಗಲಿ" ಎಂದ.

ಅಬ್ದುಲಸಮದ ಬಸಿ ಕೆಳಗಿಟ್ಟ. "ಅದೆಲ್ಲಾ ಖರೆ. ಓಟದ ದಿನ ನೀವು ಎಲ್ಲಿರತೀರಿ? ಪ್ರತಿ ವರ್ಷದಂಗ ಬೆಲ್ಲದ ಕ್ವಾಣ್ಯಾಗ ಬಾಗಲ ಹಾಕ್ಕೊಂಡು ಕುಂಡ್ರತೀರೇನ್ರಿ?"

ಎಲ್ಲರೂ ಘೊಳ್ಳೆಂದು ನಕ್ಕರು. ನಿಜವಾದ ಮಾತು. ತಾನು ಹೇಳಿದ ಕುದುರೆ ಓಡುವುದನ್ನು ನೋಡುವ ಗುಂಡಿಗೆ ಶಿವಯೋಗೆಪ್ಪನಿಗೆ ಇರಲಿಲ್ಲ. ಪ್ರತಿ ವರ್ಷ ಕಿವಿಗೆ ರುಮಾಲು ಸುತ್ತಿಕೊಂಡು ಒಳಗೆ ಕೂರುತ್ತಿದ್ದ.

"ಈ ಸಲ ಎಲ್ಲಾರಿಗೂ ಕಾಣೂವಂಗ ನಿಂದರತೇನಿ! ನಾಕಾದ ಮುಂದ, ರಸ್ತಾ ದಂಡಿಗೆ!"

"ಅಲ್ಲೇ ನಿಂದರ್ರಿ. ಕೆಂಪ ರುಮಾಲ ಸುತ್ತಕೊಂಡು ನಿಂದರ್ರಿ, ಚಂದ ಕಾಣತೀರಿ" ಎಂದ ಅಬ್ದುಲಸಮದ, ಬಹಳ ಮರ್ಯಾದೆಯಿಂದ.

ಓಟದ ಮುಂಜಾನೆ ಶಿವಯೋಗೆಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೆಂಪು ರುಮಾಲು ಸುತ್ತಿಕೊಂಡು ನಾಕಾದ ಮುಂದೆ ನಿಂತ. ರಸ್ತೆಯ ಎರಡೂ ಬದಿಗೆ ಜನ ಕಿಕ್ಕಿರಿದಿದ್ದರು. ದೂರದಲ್ಲಿ ಧೂಳೆದ್ದಿತು. ಧೂಳಿನೊಳಗಿಂದ ಮೊದಲು ಹೊರಬಂದದ್ದು ಕೆಂಪು ಕುದುರೆ! ಹಿಂದಿನ ಟಾಂಗಾಗಳು ಕಣ್ಣಿಗೂ ಕಾಣುತ್ತಿರಲಿಲ್ಲ. ಯಲಗೂರಪ್ಪ ಎದ್ದು ನಿಂತು ಬಾರಕೋಲು ತಿರುಗಿಸುತ್ತಿದ್ದ. ಶಿವಯೋಗೆಪ್ಪನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಆಡಿದ ಮಾತಿಗೆಲ್ಲ ಈಗ ಬೆಲೆ ಬಂತು ಎನಿಸಿತು. ಅವನು ರಸ್ತೆಯ ದಂಡೆಯಿಂದ ಎರಡು ಹೆಜ್ಜೆ ಮುಂದೆ ಬಂದು, ಎರಡೂ ಕೈ ಎತ್ತಿ, "ಬಾರೋ ನನ್ನಪ್ಪಾ! ಬಾರೋ ಮಾಮ್ಲೇದಾರಾ!" ಎಂದು ಕೂಗಿದ.

ಮಾಮ್ಲೇದಾರ ಬಂದ. ಬಂದು ನಿಂತ.

ಯಲಗೂರಪ್ಪ ಮುಗ್ಗರಿಸಿ ಟಾಂಗಾದ ಮೂಕಿಮರದ ಮೇಲೆ ಬಿದ್ದ. ಲಗಾಮು ಜಗ್ಗಿದ, ಬೈದ, ಬೇಡಿಕೊಂಡ. ಕುದುರೆ ಜಪ್ಪಯ್ಯ ಎನ್ನಲಿಲ್ಲ. ಅದು ತಲೆ ಬಗ್ಗಿಸಿ, ಸುಳಿಯನ್ನು ಓದಲು ಅನುಕೂಲವಾಗುವಂತೆ ಹಣೆಯನ್ನು ಒಡ್ಡಿಕೊಂಡು, ಶಿವಯೋಗೆಪ್ಪನ ಅಂಗೈಯನ್ನು ಮೂಸಿತು. ಅಂಗೈ ಖಾಲಿ. ಎಡಗೈ ಮೂಸಿತು, ಅದೂ ಖಾಲಿ. ಆಮೇಲೆ ಅಂಗಿಯ ಕಿಸೆಗೆ ಮೂತಿ ಹಾಕಿತು.

"ಹೋಗೋ! ನಿನ್ನ ಕಾಲ ಬೀಳತೇನಿ, ಹೋಗೋ!" ಎನ್ನುತ್ತಿದ್ದ ಶಿವಯೋಗೆಪ್ಪ. ಅಗಸಿ ಕೂಗಳತೆಯಲ್ಲಿತ್ತು. ಮದೀನಾಬಿಯ ಮನೆಯ ಬೂದುಗುದುರೆ ಏದುಸಿರು ಬಿಡುತ್ತಾ ಬಂದು, ಇವರಿಬ್ಬರ ಪಕ್ಕದಲ್ಲೇ ಹಾದು, ಅಗಸಿ ಮುಟ್ಟಿತು.

ಜನ ನಕ್ಕ ನಗೆ ಇಡೀ ಊರಿಗೆ ಕೇಳಿಸಿತು. ಗುರುಪಾದಯ್ಯನಂತೂ ನೆಲದ ಮೇಲೆ ಕೂತುಬಿಟ್ಟ. ಯಲಗೂರಪ್ಪನ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಮುರಿಗೆವ್ವ ಒಂದು ಪೂರ್ತಿ ಬೆಲ್ಲದ ಪೆಂಟೆ ಕೊಟ್ಟು ಕಳಿಸಿದ ಮೇಲೆಯೇ ಅವನ ಬಾಯಿ ನಿಂತದ್ದು. ಶಿವಯೋಗೆಪ್ಪ ಮಾತ್ರ ಯಾರಿಗೂ ಎದುರಾಡಲಿಲ್ಲ. ಶರ್ತು ಶರ್ತೇ. ಕುದುರೆಯ ಕುತ್ತಿಗೆ ತಟ್ಟಿ, ತಲೆ ತಗ್ಗಿಸಿಕೊಂಡು ಮನೆಗೆ ನಡೆದ.

ಮುಂದಿನ ವಾರ ಅವನು ಚಹಾದಂಗಡಿಗೆ ಹೋದ, ಇಲ್ಲ ಎನ್ನುವಂತಿಲ್ಲ. ಮಳೆಯ ಬಗ್ಗೆ ಒಂದು ಮಾತಾಡಿದ, ಧಾರಣೆಯ ಬಗ್ಗೆ ಒಂದು ಮಾತಾಡಿದ. ಅಲ್ಲಿಗೆ ಅವನ ಮಾತಿನ ಚೀಲ ಬರಿದಾಯಿತು. ಪಕ್ಕದಲ್ಲಿ ಕುದುರೆಯ ಮಾತು ನಡೆದಿದ್ದರೆ ತುಟಿ ಕಚ್ಚಿಕೊಂಡು ಕೂರುವುದು ಎಷ್ಟು ಹೊತ್ತು? ಮೂರನೆಯ ವಾರದಿಂದ ಹೋಗುವುದನ್ನೇ ಬಿಟ್ಟ. ಗಾದಿಯ ಮೇಲೆ ಕೂತು "ಬರ್ರಿ" ಎನ್ನುವುದನ್ನೂ ಬಿಟ್ಟ. ಮುರಿಗೆವ್ವ ಮೊದಮೊದಲು ನೆಮ್ಮದಿಯಾಯಿತು ಎಂದುಕೊಂಡಳು. ಆಮೇಲೆ ಅವಳಿಗೇ ಭಯವಾಯಿತು. ರಾತ್ರಿ ಊಟಕ್ಕೆ ಬಡಿಸುತ್ತಾ, "ಏನರ ಒಂದ ಮಾತಾಡ್ರಿ" ಎಂದಳು. ಅವನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದ.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಅಬ್ದುಲಸಮದ ಹೆಗಲಿಗೆ ಸುತ್ತಿಗೆಯ ಚೀಲ ಹಾಕಿಕೊಂಡು ಅಂಗಡಿಯ ಮುಂದೆ ಬಂದು ನಿಂತ. ಇಲ್ಲೇ ಯಾರದೋ ಎತ್ತಿಗೆ ನಾಲು ಹೊಡೆಯುವುದಿತ್ತು, ಹಾಗೇ ಬಂದೆ ಎಂದ. ಯಾರ ಎತ್ತು ಎಂದು ಮುರಿಗೆವ್ವ ಕೇಳಿದರೆ ಹೆಸರು ನೆನಪಾಗಲಿಲ್ಲ. ಅವಳು ನೀರು, ಬೆಲ್ಲ ತಂದಿಟ್ಟು ಒಳಗೆ ಹೋದಳು.

ಅಬ್ದುಲಸಮದ ಗಾದಿಯ ತುದಿಗೆ ಕೂತ. "ಹಣಿ ಮ್ಯಾಲ ಎರಡ ಸುಳಿ ಇದ್ದ ಕುದರಿ ಭಾಳ ಚಲೋ ಅಂತ್ರಿ" ಎಂದ.

ಶುದ್ಧ ತಪ್ಪು ಮಾತು. ಶಿವಯೋಗೆಪ್ಪನ ತುಟಿಗಳು ಅದುರಿದವು. ಆದರೆ ಬಾಯಿ ಬಿಡಲಿಲ್ಲ.

"ಬಾಲದಾಗ ಸುಳಿ ಇದ್ರ ಇನ್ನೂ ಚಲೋ ಅಂತ."

ಶಿವಯೋಗೆಪ್ಪ ಕಣ್ಣು ಮುಚ್ಚಿಕೊಂಡ. ಅಬ್ದುಲಸಮದನ ಮುಖ ಸಣ್ಣದಾಯಿತು. ಗಾಳ ಹಾಕುವುದನ್ನು ಬಿಟ್ಟು, ಸಾವಕಾರ್ರ ಎನ್ನುವುದನ್ನೂ ಬಿಟ್ಟು ಮಾತಾಡಿದ.

"ಶಿವಯೋಗಿ, ನೀ ಬರದಂಗಾದ ಮ್ಯಾಲ ಆ ಅಂಗಡ್ಯಾಗ ನಾ ಏನ ಅಂದ್ರೂ ಎಲ್ಲಾರೂ 'ಹೌದ್ರಿ, ಹೌದ್ರಿ' ಅಂತಾರ. ಬೇಕಂತ ಸುಳ್ಳ ಹೇಳಿದೆ, ಅದಕೂ ಹೌದ್ರಿ ಅಂದ್ರು. ಚಾ ಗಂಟಲದಾಗ ಇಳಿವಲ್ದು. ಗೆದ್ದಾವ ನಾ, ಶಿಕ್ಷಾ ನನಗ ಆಗೇತಿ."

ಶಿವಯೋಗೆಪ್ಪ ಕಣ್ಣು ತೆರೆದ. ಹೊರಗಿನ ಲೋಕದಲ್ಲಿ ಒಬ್ಬನಿಗಾದರೂ ತನ್ನ ಮಾತು ಬೇಕಾಗಿದೆ ಎಂಬುದು ಅವನಿಗೆ ಸುಲಭಕ್ಕೆ ನಂಬಿಕೆಯಾಗಲಿಲ್ಲ.

"ಇನ್ನೊಂದ ಹೇಳತೇನಿ, ಸಿಟ್ಟಾಗು, ಬೇಕಾದ್ದ ಮಾಡು. ನಾಲ ಹೊಡಿಯೂ ಹೊತ್ತಿನ್ಯಾಗ ಯಲಗೂರಪ್ಪ ಅಂದಿದ್ದ, ನಾಕಾದಾಗ ನಿನ್ನ ರುಮಾಲ ಕಂಡರ ಮಾಮ್ಲೇದಾರ ಬೆಲ್ಲ ತಿನ್ನೂತನಕ ಕದಲೂದಿಲ್ಲ ಅಂತ. ಅದಕ್ಕ ನಿನ್ನ ಕೆಣಕಿ ಅಲ್ಲಿ ನಿಂದರಿಸಿದೆ. ನೀ ಕುದರಿ ನೋಡಿ ಶರ್ತ ಕಟ್ಟಿದಿ, ನಾ ನಿನ್ನ ನೋಡಿ ಕಟ್ಟಿದೆ. ನಿನ್ನ ಮಾತು ಖರೆ ಇತ್ತು. ನೀ ಮನ್ಯಾಗ ಕುಂತಿದ್ರ ಮಾಮ್ಲೇದಾರ ಗೆಲ್ಲತಿದ್ದ."

ಶಿವಯೋಗೆಪ್ಪನ ಮುಖ ಕೆಂಪಾಯಿತು. ಸಿಟ್ಟು ಬಂತು, ಸಂತೋಷವೂ ಬಂತು. ಬಾಯಿ ತೆರೆದ, ಶರ್ತು ನೆನಪಾಗಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ.

"ಬೈಯೋ ಮಾರಾಯಾ" ಎಂದ ಅಬ್ದುಲಸಮದ. "ಒಂದ ಸಲ ಬಾಯಿ ತುಂಬ ಬೈದಬಿಡು."

ಒಳಗಿನಿಂದ ಮುರಿಗೆವ್ವನ ದನಿ ಬಂತು. "ಬೈಯಾಕ ಕುದರಿ ಹೆಸರ ಯಾಕ ಬೇಕ್ರಿ? ಮನಶ್ಯಾನ ಬೈಬಾರದು ಅಂತ ಶರ್ತಿನ್ಯಾಗ ಇಲ್ಲಲ್ಲ!"

ಶಿವಯೋಗೆಪ್ಪ ನೆಟ್ಟಗೆ ಕೂತ. ಹೌದಲ್ಲ! ರುಮಾಲು ತೆಗೆದು ಪಕ್ಕಕ್ಕಿಟ್ಟ, ಗಂಟಲು ಸರಿಮಾಡಿಕೊಂಡ. ಆಮೇಲೆ ಬೈದ ನೋಡಿ! ಕಳ್ಳ ಎಂದ, ಲಫಂಗ ಎಂದ, ಗೆಳೆಯನ ಬೆನ್ನಿಗೆ ನಾಲು ಹೊಡೆದವನೇ ಎಂದ. ಅಬ್ದುಲಸಮದನ ಗಡ್ಡವನ್ನು ಬೈದ, ಚೀಲವನ್ನು ಬೈದ, ಅವನು ಚಹಾ ಊದುವ ರೀತಿಯನ್ನು ಬೈದ. ಬೆಲ್ಲ ಕೊಳ್ಳಲು ಬಂದವರು ಬೆಲ್ಲ ಮರೆತು ನಿಂತು ಕೇಳಿದರು. ಕುದುರೆಯ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲ.

ಅಬ್ದುಲಸಮದ ಗೋಡೆಗೆ ಒರಗಿ ಕಾಲು ಚಾಚಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಬೈಗುಳ ಮುಗಿದಾಗ ಕಣ್ಣೊರೆಸಿಕೊಂಡ. ಬರೀ ನಗುವಿನ ನೀರಾಗಿರಲಿಲ್ಲ ಅದು.

"ಈಗ ಜೀವಕ್ಕ ಹಗರ ಆತು ನೋಡು" ಎಂದ. "ನಾಳೆ ಅಂಗಡಿಗಿ ಬರತಿ ಇಲ್ಲ? ಇನ್ನಷ್ಟು ಉಳದಿದ್ರ ಅಲ್ಲೇ ಬೈಯುವಂತಿ."

"ಬರತೇನಿ" ಎಂದ ಶಿವಯೋಗೆಪ್ಪ.